ಕಾಕಾ ಇಟಲಿಯಿಂದ ತಂದ ಕಲ್ಲುಗಳು

ಮಿರಜಿನ ನಮ್ಮ ಹಳೆಯ ಮನೆಯನ್ನು ಕೆಡವುತ್ತಿದ್ದಾರೆ ಎಂದು ತಮ್ಮ ಫೋನ್ ಮಾಡಿದ ದಿನ ನಾನು ಸಾಂಗ್ಲಿಯಿಂದ ರಿಕ್ಷಾ ಹಿಡಿದು ಹೋದೆ. ಹೋಗಿ ಮಾಡುವುದೇನೂ ಇರಲಿಲ್ಲ. ಮನೆ ಮಾರಿ ಎಷ್ಟೋ ವರ್ಷಗಳಾಗಿದ್ದವು, ಈಗ ಕೊಂಡವರು ಅಲ್ಲಿ ದವಾಖಾನೆ ಕಟ್ಟುವವರಿದ್ದರು. ಮಿರಜಿನಲ್ಲಿ ಹಳೆಯ ಮನೆ ಬಿದ್ದಲ್ಲೆಲ್ಲ ದವಾಖಾನೆಯೇ ಏಳುತ್ತದೆ, ಅದರಲ್ಲಿ ಬೇಸರಪಟ್ಟುಕೊಳ್ಳಲು ಏನಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಹೋದೆ. ನಾನು ಮುಟ್ಟುವಷ್ಟರಲ್ಲಿ ಪಡಸಾಲೆ ಹೋಗಿತ್ತು. ಅಡುಗೆಮನೆಯ ಒಂದು ಗೋಡೆ ಮಾತ್ರ ನಿಂತಿತ್ತು, ಅದರ ಮೇಲೆ ನಮ್ಮ ಒಲೆಯ ಹೊಗೆಯ ಕಪ್ಪು ಹಾಗೇ ಇತ್ತು. ನನ್ನ ಅಜ್ಜಿ ಮಡಿಯಿಲ್ಲದವರನ್ನು ಹೊಸ್ತಿಲು ದಾಟಲು ಬಿಡದಿದ್ದ ಕೋಣೆ ಅದು. ಈಗ ರಸ್ತೆಯಲ್ಲಿ ಹೋಗುವವರು, ಚಹಾದಂಗಡಿಯವನು, ಯಾರು ಬೇಕಾದರೂ ಅದರೊಳಗೆ ಇಣುಕಬಹುದಾಗಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಯಂತ್ರ ಓಡಿಸುವ ಹುಡುಗ ಪಾಪ, ಗಾಬರಿಯಾಗಿ ಯಂತ್ರ ನಿಲ್ಲಿಸಿದ. ಬರುವಾಗ ಮಣ್ಣಿನ ರಾಶಿಯಿಂದ ಒಂದು ಹಂಚಿನ ತುಂಡು ಎತ್ತಿ ಚೀಲಕ್ಕೆ ಹಾಕಿಕೊಂಡು ಬಂದೆ. ಮೊಮ್ಮಗ ಅದನ್ನು ಟೇಬಲ್ಲಿನ ಮೇಲೆ ನೋಡಿ ಕೇಳಿದ:

"ಆಜೀ, ಹಾ ಕಚರಾ ಕಶಾಲಾ ಆಣಲಾಸ?"

ಈ ಕಸ ಯಾಕೆ ತಂದೆ ಎಂದು. ಅವನಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ನಾನು ಕನ್ನಡದಲ್ಲೇ, ನಮ್ಮ ಕಾಕಾನೂ ಹೀಗೇ ತರುತ್ತಿದ್ದ ಎಂದೆ. ಯಾವ ಕಾಕಾ ಎಂದು ಅವನು ಕೇಳಲಿಲ್ಲ, ಮೊಬೈಲ್ ನೋಡುತ್ತ ಹೋಗಿಬಿಟ್ಟ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದಿದ್ದರೂ ಹೇಳುವ ವಯಸ್ಸು ನನ್ನದು, ಆದ್ದರಿಂದ ಇಲ್ಲಿ ಹೇಳುತ್ತೇನೆ.

ಆ ಮನೆಯಲ್ಲಿ ಎಲ್ಲವೂ ಹಳದಿ. ಅಪ್ಪ ಸಾಂಗ್ಲಿಯ ಪೇಟೆಯಲ್ಲಿ ಅರಿಸಿನದ ವ್ಯಾಪಾರ ಮಾಡುತ್ತಿದ್ದ, ಮಾರಾಟವಾಗದೆ ಉಳಿದ ಚೀಲಗಳು ನಮ್ಮ ಪಡಸಾಲೆಗೆ ಬಂದು ಕೂಡುತ್ತಿದ್ದವು. ಗೋಡೆಯ ಸುಣ್ಣ, ನನ್ನ ಲಂಗ, ತಮ್ಮನ ಚಡ್ಡಿ, ಬೆಕ್ಕಿನ ಮೀಸೆ ಎಲ್ಲಕ್ಕೂ ಅದೇ ಬಣ್ಣ. ಶಾಲೆಯಲ್ಲಿ ಹುಡುಗಿಯರು ನನ್ನನ್ನು ಮದುಮಗಳು ಎಂದು ಕಾಡಿಸುತ್ತಿದ್ದರು. ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆ ದಾಟಿದರೆ ಅಂಗಳ, ಅಂಗಳದ ಆಚೆ ಅಡುಗೆಮನೆ, ಅದರ ಮಗ್ಗುಲಲ್ಲಿ ದೇವರ ಕೋಣೆ, ಹಿತ್ತಿಲಲ್ಲಿ ಎರಡು ಎಮ್ಮೆ ಕಟ್ಟುವ ಗೋಠಾ. ಗೋಠಾ ಎಂದರೆ ಕೊಟ್ಟಿಗೆ. ನಮ್ಮ ಕಡೆ ಮರಾಠಿ ಯಾವುದು ಕನ್ನಡ ಯಾವುದು ಎಂದು ಆರಿಸುತ್ತ ಕೂತರೆ ಎಮ್ಮೆಗಳು ಹಾಲು ಹಿಂಡುವ ಹೊತ್ತು ಮೀರಿ ಒದರತೊಡಗುತ್ತವೆ. ಅಂಗಳಕ್ಕೆ ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಅದು ಅಡುಗೆಮನೆಯ ಹೊಸ್ತಿಲಿಗೆ ಬಂದಾಗ ಊಟಕ್ಕೆ ಕೂರಬೇಕು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಆದ್ದರಿಂದ ಆ ಬಿಸಿಲನ್ನು ನೋಡುವುದೇ ನಮ್ಮ ಗಡಿಯಾರ, ಮತ್ತು ನಮ್ಮ ಅಜ್ಜಿ ಆ ಗಡಿಯಾರದ ಗಂಟೆ.

ಅಜ್ಜಿ ಕರೆದ ಕೂಡಲೇ ಅಪ್ಪ, ತಮ್ಮ, ನಾನು ಅಡುಗೆಮನೆಯಲ್ಲಿ ಸಾಲಾಗಿ ಮಣೆಯ ಮೇಲೆ ಕೂರುತ್ತಿದ್ದೆವು. ಅವ್ವ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು, ಅಜ್ಜಿ ಬಡಿಸುತ್ತಿದ್ದಳು. ಹೆಸರುಕಾಳಿನ ಪಲ್ಯ, ಶೇಂಗಾದ ಚಟ್ನಿ, ಮಜ್ಜಿಗೆ ಸಾರು. ಆ ಸಾಲಿನಲ್ಲಿ ಒಬ್ಬ ಇರುತ್ತಿರಲಿಲ್ಲ. ಅಪ್ಪನ ಅಣ್ಣ, ನಮ್ಮ ಭೂಪಾಲ ಕಾಕಾ, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಅರಿಸಿನದ ಚೀಲಗಳ ನಡುವೆ ಒಬ್ಬನೇ ಉಣ್ಣುತ್ತಿದ್ದ. ಅವನ ತಾಟನ್ನು ಅವ್ವ ಅಂಗಳ ದಾಟಿಸಿ ಒಯ್ದು ಇಟ್ಟು ಬರುತ್ತಿದ್ದಳು. ಅಜ್ಜಿಗೂ ಕಾಕಾನಿಗೂ ಮಾತು ಬಿಟ್ಟಿತ್ತು ಎಂದು ತಿಳಿಯಬೇಡಿ. ಬೆಳಗಿನಿಂದ ಸಂಜೆಯವರೆಗೆ ಅಂಗಳದಲ್ಲಿ ಇಬ್ಬರೂ ಮಾತಾಡುತ್ತಿದ್ದರು, ಜಗಳಾಡುತ್ತಿದ್ದರು, ಅವನಿಗೆ ಜ್ವರ ಬಂದರೆ ಅವಳೇ ಕಷಾಯ ಕುದಿಸುತ್ತಿದ್ದಳು. ಅಡುಗೆಮನೆಯ ಹೊಸ್ತಿಲು ಮಾತ್ರ ಅವನಿಗಿರಲಿಲ್ಲ. ಅವನು ಪಡಸಾಲೆಯಿಂದ ಮಜ್ಜಿಗೆ ಎಂದು ಕೂಗಿದರೆ ಅಜ್ಜಿ ಕೇಳಿಸಿಕೊಂಡು ಗಡಿಗೆಯನ್ನು ಅವ್ವನ ಕಡೆ ಸರಿಸುತ್ತಿದ್ದಳು. ಇದು ನಾನು ಹುಟ್ಟುವ ಮುಂಚಿನಿಂದ ನಡೆದಿತ್ತು. ಎಲ್ಲರ ಮನೆಯಲ್ಲೂ ಒಬ್ಬ ಕಾಕಾ ಹೊರಗೆ ಕೂತು ಉಣ್ಣುತ್ತಾನೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಒಮ್ಮೆ ಗೆಳತಿಯ ಮನೆಗೆ ಹೋದಾಗ, ನಿಮ್ಮ ಹೊರಗಿನ ಕಾಕಾ ಎಲ್ಲಿ ಎಂದು ಕೇಳಿ ನಗೆಪಾಟಲಾದೆ.

ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಚ್ಚಿಟ್ಟಿರಲಿಲ್ಲ. ಕಾಕಾ ಹುಡುಗನಾಗಿದ್ದಾಗ ಮಾಧವನಗರದ ಗಿರಣಿಯ ಲಾರಿಯೊಂದಕ್ಕೆ ಕ್ಲೀನರ್ ಆಗಿ ಸೇರಿ, ಡ್ರೈವರ್ ನಿದ್ದೆ ಹೋದಾಗ ಸ್ಟೇರಿಂಗ್ ಹಿಡಿದು ಕಲಿತ. ಫೌಜಿಗೆ ಸೇರಿದರೆ ಇದರ ಎರಡರಷ್ಟು ದೊಡ್ಡ ಲಾರಿ ಕೊಡುತ್ತಾರೆ ಎಂದು ಯಾರೋ ಹೇಳಿದರಂತೆ, ಅಷ್ಟು ಸಾಕಾಯಿತು. ದೇಶಕ್ಕಾಗಿ ಅಲ್ಲ, ಬಿಳಿಯರ ರಾಜನಿಗಾಗಿ ಅಲ್ಲ, ಲಾರಿಯ ಆಸೆಗೆ ಅವನು ಆ ದೊಡ್ಡ ಯುದ್ಧಕ್ಕೆ ಹೋದ. ಇರುವೆ ಕಾಲಡಿ ಬಂದೀತೆಂದು ನೆಲ ನೋಡಿಕೊಂಡು ನಡೆಯುವ ಮನೆಯ ಹಿರಿಯ ಮಗ, ತಾಯಿಗೆ ಒಂದು ಮಾತು ಹೇಳದೆ ಹೋದ. ಹಡಗು ಹತ್ತಿ ಇಟಲಿಗೆ ಹೋಗಿ, ಅಲ್ಲಿನ ಬೆಟ್ಟದ ರಸ್ತೆಗಳಲ್ಲಿ ರೇಷನ್ನಿನ ಲಾರಿ ಓಡಿಸಿ, ಯುದ್ಧ ಮುಗಿದ ಮೇಲೆ ಮಿರಜ ಸ್ಟೇಷನ್ನಿನಲ್ಲಿ ಇಳಿದಾಗ ಅವನ ಹೆಗಲ ಮೇಲೆ ಹಸಿರು ಬಣ್ಣದ ಒಂದು ಮರದ ಪೆಟ್ಟಿಗೆ ಇತ್ತು. ಅಜ್ಜಿ ಬಿಸಿನೀರು ಕಾಯಿಸಿ ಕಾದಿದ್ದಳು. ನಮ್ಮ ಬಸ್ತಿಯ, ಅಂದರೆ ಬಸದಿಯ, ಪೂಜಾರಿ ಉಪಾಧ್ಯೆಯವರು ಹೇಳಿದಂತೆ ಕಾಕಾ ಉಪವಾಸ ಮಾಡಿದ, ಸ್ನಾನ ಮಾಡಿದ, ದೇವರ ಮುಂದೆ ನಿಂತು ಇನ್ನು ಮುಂದೆ ಫೌಜಿನಲ್ಲಿ ತಿಂದಂಥದ್ದೇನೂ ತಿನ್ನುವುದಿಲ್ಲ, ಅಂಥ ಕೆಲಸಕ್ಕೆ ಹೋಗುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ. ಎಲ್ಲ ಸರಿಹೋಯಿತು ಎನ್ನುವಾಗ ಅಜ್ಜಿ ಪೆಟ್ಟಿಗೆ ತೆರೆಸಿದಳು. ಮೇಲೆ ಕಂಡದ್ದು ಯಾವುದೋ ಗುಡಿಯ ಕಲ್ಲು. ಯಾರು ಕೊಟ್ಟರು ಎಂದು ಕೇಳಿದಳು. ಯಾರೂ ಕೊಡಲಿಲ್ಲ, ಬಿದ್ದಿತ್ತು, ಎತ್ತಿದೆ ಎಂದ ಕಾಕಾ.

ನಮ್ಮಲ್ಲಿ ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದು ಐದು ದೊಡ್ಡ ಪಾಪಗಳಲ್ಲಿ ಒಂದು. ಬೇರೆಯವರ ಹೊಲದ ಬದುವಿನಲ್ಲಿ ಬಿದ್ದ ಹುಣಸೆಕಾಯಿಯನ್ನೂ ಅಜ್ಜಿ ನಮಗೆ ಎತ್ತಲು ಬಿಡುತ್ತಿರಲಿಲ್ಲ. ಅದೂ ಬೇರೆಯವರ ದೇವರ ಮನೆಯಿಂದ ತಂದದ್ದು ಎಂದರೆ ಮಾತು ಮುಗಿಯಿತು. ಪೆಟ್ಟಿಗೆಯನ್ನು ಹೊಳೆಗೆ ಹಾಕಿ ಬಾ, ಆಮೇಲೆ ಒಳಗೆ ಬಂದು ಉಣ್ಣು ಎಂದಳು. ಕಾಕಾ ಆಗುವುದಿಲ್ಲ ಎಂದ. ಪೆಟ್ಟಿಗೆ ಗೋಠಾದ ಅಟ್ಟ ಸೇರಿತು, ಕಾಕಾ ಪಡಸಾಲೆ ಸೇರಿದ. ಸ್ವಂತ ತಾಯಿಯೇ ಒಳಗೆ ಕರೆದು ಬಡಿಸದವನಿಗೆ ಹೆಣ್ಣು ಕೊಡುವವರು ಯಾರು? ಮದುವೆಯೂ ಆಗಲಿಲ್ಲ. ಸಾಂಗ್ಲಿಯ ಪೇಟೆಯಿಂದ ಬೆಲ್ಲ ಹೇರುವ ಲಾರಿ ಓಡಿಸಿಕೊಂಡು ಇದ್ದ. ಓಣಿಯಲ್ಲಿ ಅವನನ್ನು ಮಿಲಿಟರಿ ಎಂದು ಕರೆಯುತ್ತಿದ್ದರು. ಹೆಸರು ಕೇಳಿ ದೊಡ್ಡ ಮೀಸೆಯ ಮನುಷ್ಯನನ್ನು ಊಹಿಸಿಕೊಂಡು ಬಂದವರು ಈ ತೆಳ್ಳನೆಯ, ಬೆಲ್ಲದ ವಾಸನೆಯ, ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವ ಆಸಾಮಿಯನ್ನು ನೋಡಿ ನಿರಾಶರಾಗುತ್ತಿದ್ದರು.

ನನ್ನ ಬಾಲ್ಯದ ಸುಖ ಯಾವುದು ಎಂದು ಕೇಳಿದರೆ ನಾನು ಆ ಪೆಟ್ಟಿಗೆ ತೆರೆಯುವ ರವಿವಾರದ ಮಧ್ಯಾಹ್ನ ಎನ್ನುತ್ತೇನೆ. ಕಾಕಾ ಸ್ನಾನ ಮಾಡಿ ಗೋಠಾದ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿ ಅಟ್ಟದಿಂದ ಪೆಟ್ಟಿಗೆ ಇಳಿಸುತ್ತಿದ್ದ. ನಾನೂ ತಮ್ಮನೂ ಕೈ ತೊಳೆದು ಬರಬೇಕು, ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ನೀಲಿ ಹೂವಿನ ಹೊಳಪಿನ ಬಿಲ್ಲೆ, ದ್ರಾಕ್ಷಿಯ ಎಲೆ ಕೆತ್ತಿದ ಕಲ್ಲು, ಹೋಳಿಗೆಯಷ್ಟು ತೆಳ್ಳಗಿನ ಇಟ್ಟಿಗೆ, ಕೆಂಪು ಗಾಜಿನ ಚೂರು. ಗಾರೆಯ ಒಂದು ತುಂಡಿನ ಮೇಲೆ ಯಾರೋ ಬರೆದ ಒಂದು ಕಣ್ಣು ಇತ್ತು, ಕಣ್ಣು ಮಾತ್ರ. ಅದು ಗಂಡಸಿನದೋ ಹೆಂಗಸಿನದೋ ಎಂದು ನಾನೂ ತಮ್ಮನೂ ವರ್ಷಗಟ್ಟಲೆ ಜಗಳಾಡಿದ್ದೇವೆ. ಎಲ್ಲಕ್ಕಿಂತ ಕೆಳಗೆ, ಹಳೆಯ ಅಂಗಿಯಲ್ಲಿ ಸುತ್ತಿದ್ದು, ಕಾರಂಜಿ ಹುಡುಗ. ಗೇಣುದ್ದದ ಬಿಳಿ ಕಲ್ಲಿನ ಹುಡುಗ, ಬರಿ ಮೈ, ತಲೆ ಇಲ್ಲ, ತೋಳು ಭುಜಕ್ಕೇ ಮುರಿದಿವೆ, ಕಾಲು ಮೊಣಕಾಲಿನವರೆಗೆ. ಕಾಕಾನಿಗೆ ಅವನೆಂದರೆ ಜೀವ. ಯಾವ ತುಂಡು ಎಲ್ಲಿ ಸಿಕ್ಕಿತು ಎಂದು ಹೇಳುತ್ತಿದ್ದ. ಊರಿನ ಹೆಸರು ವಾರಕ್ಕೊಂದು ತರಹ ಬದಲಾಗುತ್ತಿತ್ತು, ಆದರೆ ಗುಡಿಯ ಎತ್ತರ, ಬಾಗಿಲ ಕೆತ್ತನೆ, ಮಧ್ಯಾಹ್ನ ಬಣ್ಣದ ಗಾಜಿನಿಂದ ನೆಲದ ಮೇಲೆ ಬೀಳುತ್ತಿದ್ದ ಬೆಳಕು, ಇವು ಎಂದೂ ಬದಲಾಗುತ್ತಿರಲಿಲ್ಲ. ಸತ್ತವರ ಬಗ್ಗೆ ಒಂದು ಮಾತೂ ಹೇಳುತ್ತಿರಲಿಲ್ಲ. ನನ್ನ ತಮ್ಮ ಬಂದೂಕಿನ ಕಥೆ ಕೇಳಿದರೆ, ನನ್ನ ಲಾರಿಗೆ ಹಾರ್ನ್ ಇತ್ತು ಕೇಳ್ತೀಯಾ ಎಂದು ಬಾಯಿಯಿಂದಲೇ ಹಾರ್ನ್ ಬಾರಿಸಿ ತೋರಿಸುತ್ತಿದ್ದ.

ಒಂದು ಸಂಗತಿಯನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದ. ಬಾಂಬು ಬಿದ್ದು ರಸ್ತೆಯಲ್ಲಿ ದೊಡ್ಡ ಹೊಂಡಗಳಾಗುತ್ತಿದ್ದವಂತೆ. ಮುಂದೆ ಲಾರಿ ಹೋಗಲೇಬೇಕು. ಅದಕ್ಕೆ ಪಕ್ಕದಲ್ಲಿ ಬಿದ್ದ ಗುಡಿಯ, ಅರಮನೆಯ ಕಲ್ಲುಗಳನ್ನೇ ಯಂತ್ರದಿಂದ ದೂಡಿ ಹೊಂಡ ತುಂಬಿ, ಅದರ ಮೇಲೆ ಲಾರಿ ಹಾಯಿಸುತ್ತಿದ್ದರು. ಅವುಗಳಲ್ಲಿ ಒಂದು ಲಾರಿ ಕಾಕಾನದು. ನೂರಾರು ವರ್ಷಗಳ ಕೆಲಸ ತನ್ನ ಗಾಲಿಯ ಕೆಳಗೆ ಪುಡಿಯಾಗುವ ಸದ್ದು ಅವನಿಗೆ ಕೇಳಿಸುತ್ತಿತ್ತು. ಮುಂದಿನ ಲಾರಿ ನಿಂತಾಗ ಕೆಳಗಿಳಿದು, ಕೈಗೆ ಸಿಕ್ಕ ಒಂದು ತುಂಡನ್ನು ಸೀಟಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಇದೇ ಅವನ ವಾದ. ಈ ವಾದ ಅಂಗಳದಲ್ಲಿ ಹಪ್ಪಳ ಒಣಗಿಸುವಾಗ, ಶೇಂಗಾ ಸುಲಿಯುವಾಗ, ಯಾವಾಗ ಬೇಕಾದರೂ ಎದ್ದುಬಿಡುತ್ತಿತ್ತು.

"ನನ್ನ ಗಾಲಿ ಕೆಳಗ ಪುಡಿ ಆಗೂದನ್ನ ಎತ್ತೇನಿ ಅವ್ವಾ. ಅದಕ್ಕ ಕದ್ದದ್ದು ಅಂತಾರೇನ?"

"ಕದ್ದಿ ಅಂತ ನಾ ಎಲ್ಲಿ ಅಂದೆ? ಕೊಟ್ಟವರು ಯಾರು ಅಂತ ಕೇಳೇನಿ."

"ಪುಡಿ ಆದ ಮ್ಯಾಲ ಅದು ಯಾರ್ದು?"

"ಯಾರ್ದರ ಇರ್ಲಿ, ನಿಂದಂತೂ ಅಲ್ಲ."

ನನಗೆ ಇಬ್ಬರೂ ಹೇಳುವುದು ಸರಿ ಎನಿಸುತ್ತಿತ್ತು, ಈ ವಯಸ್ಸಿನಲ್ಲೂ ಹಾಗೇ ಎನಿಸುತ್ತದೆ. ಜಗಳದಲ್ಲಿ ಒಂದು ಪಕ್ಷ ಹಿಡಿಯಲಾರದ ನನ್ನ ಗುಣ, ಗಂಡ ಜೀವನವಿಡೀ ದೂರಿದ ಗುಣ, ಆ ಅಂಗಳದಲ್ಲೇ ಬಂದದ್ದು. ಬಿದ್ದದ್ದನ್ನು ಎತ್ತುವ ಚಾಳಿ ಕಾಕಾನಿಂದ ಬಂತು, ಎತ್ತಿದ ಮೇಲೆ ಸುತ್ತಮುತ್ತ ನೋಡುವ ಚಾಳಿ ಅಜ್ಜಿಯಿಂದ. ಕಾಕಾ ತೀರಿಕೊಂಡಾಗ ನಾನು ಮದುವೆಯಾಗಿ ಬೇಡಗಕ್ಕೆ ಹೋಗಿದ್ದೆ. ಮನೆ ಪಾಲಾಗಿ, ಮಾರಾಟವಾಗಿ, ಸಾಮಾನು ಸಾಗಿಸುವ ಗದ್ದಲದಲ್ಲಿ ಆ ಕಲ್ಲುಗಳು ಎಲ್ಲಿ ಹೋದವೋ ಯಾರಿಗೂ ನೆನಪಿಲ್ಲ. ತಮ್ಮನನ್ನು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಆ ಕಣ್ಣಿನ ತುಂಡು ಒಂದಾದರೂ ನನ್ನ ಬಳಿ ಇದ್ದಿದ್ದರೆ ಎಂದು ಕೆಲವು ಮಧ್ಯಾಹ್ನ ಅನಿಸುತ್ತದೆ.

ನಾನು ಶಾಲೆಯಲ್ಲಿ ಮೂರನೆಯ ಇಯತ್ತೆಯಲ್ಲಿದ್ದ ವರ್ಷ, ಮಳೆಗಾಲದ ಮುಂಚೆ, ಗೋಠಾದ ಹಂಚು ಕೈಯಾಡಿಸಿ ಸರಿಪಡಿಸಲು ಆಳು ಬಂದ. ಕಾಕಾ ಬೆಳಿಗ್ಗೆಯೇ ಲಾರಿ ತೆಗೆದುಕೊಂಡು ಹೋಗಿದ್ದ. ಅಟ್ಟದ ಮೇಲಿನ ಪೆಟ್ಟಿಗೆ ಅಡ್ಡವಾಗುತ್ತದೆಂದು ಆಳು ಅದನ್ನು ಅಂಗಳಕ್ಕೆ ಇಳಿಸುವಾಗ, ಗೆದ್ದಲು ತಿಂದ ತಳ ಕಿತ್ತು ಎಲ್ಲ ನೆಲಕ್ಕೆ ಸುರಿಯಿತು. ಅದೇ ಹೊತ್ತಿಗೆ ಅಜ್ಜಿ ಮಡಿಸೀರೆಯಲ್ಲಿ, ಕೈಯಲ್ಲಿ ಪೂಜೆಯ ತಟ್ಟೆ ಹಿಡಿದು ಬಸ್ತಿಯಿಂದ ಬಂದಳು. ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಉರುಳಿ ಬಂದಿದ್ದ ಕಾರಂಜಿ ಹುಡುಗ ಅವಳ ಕಾಲ ಬಳಿಯೇ ಇದ್ದ. ಮಗ ಬಂದ ದಿನ ಪೆಟ್ಟಿಗೆಯ ಮೇಲ್ಭಾಗವನ್ನಷ್ಟೇ ನೋಡಿ ಮುಖ ತಿರುಗಿಸಿದವಳು ಅವಳು, ಇದನ್ನು ಎಂದೂ ನೋಡಿರಲಿಲ್ಲ. ಈಗ ನೋಡಿದಳು. ಬಿಳಿ ಕಲ್ಲು, ನೆಟ್ಟಗೆ ನಿಂತ ಮೈ, ಮೈಮೇಲೆ ಒಂದು ಎಳೆ ಬಟ್ಟೆಯಿಲ್ಲ. ಜೀವಮಾನವೆಲ್ಲ ದಿಗಂಬರ ಮೂರ್ತಿಯ ಮುಂದೆ ಕೈಮುಗಿದವಳಿಗೆ ಬೇರೆ ಏನು ಕಾಣಬೇಕು? ತಟ್ಟೆ ಕೆಳಗಿಟ್ಟು ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಇದನ್ನ ಭೂಪಾಲ ತಂದಿದ್ದನ?"

ಅವ್ವ ಅಡುಗೆಮನೆಯ ಬಾಗಿಲಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಬಾಯಿಬಡುಕಿ, ಅಜ್ಜೀ ಅದು ಎಂದು ಶುರುಮಾಡಿದೆ. ಅವ್ವ ನನ್ನ ತೊಡೆ ಹಿಂಡಿದ ರಭಸಕ್ಕೆ ಉಳಿದ ಮಾತು ನುಂಗಿದೆ. ಅವ್ವನಿಗೆ ಎಲ್ಲ ಒಂದೇ ಗಳಿಗೆಯಲ್ಲಿ ಹೊಳೆದಿತ್ತು. ಮದುವೆಯಾಗಿ ಬಂದಂದಿನಿಂದ ಭಾವನ ತಾಟನ್ನು ಹೊರಗೆ ಒಯ್ದು ಇಡುವುದು ಅವಳ ಪಾಲಿಗೆ ಬಂದಿತ್ತು, ಹಬ್ಬದ ದಿನ ಒಯ್ಯುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಅಜ್ಜಿ ನೆಲದ ಮೇಲೆ ಕೂತು ಅಳತೊಡಗಿದಳು. ಅವಳು ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆಗ.

"ದೇವರನ್ನ ಎಮ್ಮಿ ಬಾಜೂಕ ಇಟ್ಟೆ. ಅಂವಾ ಉಳಿಸಿ ತಂದಾನ, ನಾ ಅವನ್ನ ಹೊರಗ ಹಾಕೇನಿ. ಅಷ್ಟು ದೂರದ ಊರಾಗ ಸೈತ ನಮ್ಮ ಬಸ್ತಿ ಇತ್ತು ನೋಡು, ನಮಗ ಗೊತ್ತs ಇರಲಿಲ್ಲ."

ಆಮೇಲೆ ಎದ್ದು ಕೆಲಸಕ್ಕೆ ನಿಂತಳು. ಕಾರಂಜಿ ಹುಡುಗನಿಗೆ ಬಾವಿಯ ನೀರಿನ ಸ್ನಾನವಾಯಿತು, ಒಗೆದ ಬಿಳಿ ಬಟ್ಟೆ ಹಾಸಿದ ಮಣೆ ಸಿಕ್ಕಿತು. ಮುರಿದ ಮೂರ್ತಿಗೆ ಪೂಜೆಯಿಲ್ಲ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಆದರೆ ಮರ್ಯಾದೆಯಿಂದ ಆಳವಾದ ನೀರಿಗೆ ಬಿಡಬೇಕು. ನಾಳೆ ಬೆಳಿಗ್ಗೆ ಕೃಷ್ಣಾ ಘಾಟಿಗೆ ಹೋಗುವುದೆಂದು ನಿಶ್ಚಯಿಸಿದಳು. ಉಳಿದ ತುಂಡುಗಳನ್ನು ತಾನೇ ಆರಿಸಿ ಬುಟ್ಟಿಯಲ್ಲಿಟ್ಟು ಪಡಸಾಲೆಯ ಗೂಡಿಗೆ ಸೇರಿಸಿದಳು. ಅವ್ವನಿಗೆ ಹೋಳಿಗೆ ಮಾಡಲು ಹೇಳಿದಳು. ದೇವರ ಕೋಣೆಯ ಅಟ್ಟದಿಂದ ಬಟ್ಟೆಯಲ್ಲಿ ಕಟ್ಟಿಟ್ಟ ಒಂದು ಹಿತ್ತಾಳೆಯ ತಾಟು ಕೆಳಗೆ ಬಂತು. ಅದು ಕಾಕಾ ಹುಡುಗನಾಗಿದ್ದಾಗ ಉಣ್ಣುತ್ತಿದ್ದ ತಾಟಂತೆ. ಒಂದು ಚೂರೂ ಕಿಲುಬು ಹತ್ತಿರಲಿಲ್ಲ. ಅದನ್ನು ಅವಳು ಯಾವಾಗ ಇಳಿಸುತ್ತಿದ್ದಳು, ಯಾವಾಗ ಹುಣಸೆಹಣ್ಣು ಹಚ್ಚಿ ತಿಕ್ಕಿ ಮತ್ತೆ ಕಟ್ಟಿಡುತ್ತಿದ್ದಳು, ಮನೆಯಲ್ಲಿ ಯಾರೂ ನೋಡಿದವರಿಲ್ಲ. ಅಡುಗೆಮನೆಯ ಸಾಲಿನ ಮೊದಲಲ್ಲಿ, ಅಪ್ಪನ ಮಣೆಯ ಪಕ್ಕ, ಇನ್ನೊಂದು ಮಣೆ ಬಿತ್ತು.

ಅಪ್ಪ ಪೇಟೆಯಿಂದ ಬಂದ ಕೂಡಲೇ ಅವ್ವ ಅವನನ್ನು ಮೂಲೆಗೆ ಕರೆದು ಎಲ್ಲ ಹೇಳಿದಳು. ಕಾಕಾನ ಲಾರಿಯ ಸದ್ದು ಕೇಳಿದಾಗ ಅಪ್ಪ ಹೊರಬಾಗಿಲಿಗೇ ಓಡಿದ, ನಾನು ಅವನ ಹಿಂದೆ.

"ಅಣ್ಣಾ, ಅವ್ವ ಆ ಹುಡುಗನ್ನ ನಮ್ಮ ದೇವರು ಅಂತ ತಿಳಿದಾಳ. ನೀ ಏನೂ ಅನಬ್ಯಾಡ. ಸುಮ್ನ ಒಳಗ ಹೋಗಿ ಕುಂದ್ರು."

"ಅದನ್ನ ಏನ ಮಾಡ್ತಾಳಂತ?"

"ನಾಳೆ ಕೃಷ್ಣಾಗ ಬಿಡ್ತಾಳಂತ. ಉಳದದ್ದು ಇರ್ಲಿ ಅಂದಾಳ. ಒಂದು ಕಲ್ಲು ಹೋದರ ಹೋಗ್ಲಿ ಅಣ್ಣಾ. ನಿನ್ನ ತಾಟು ಒಳಗ ಹಾಕ್ಯಾಳ."

ಕಾಕಾ ಅಪ್ಪನ ಮುಖ ನೋಡಿದ. ಅಂಗಳದಲ್ಲಿ ಕೈಕಾಲು ತೊಳೆದ, ಬಹಳ ಹೊತ್ತು ತೊಳೆದ. ಬಿಸಿಲು ಹೊಸ್ತಿಲ ಮೇಲೆ ಬಂದಿತ್ತು. ನಾವೆಲ್ಲ ನಮ್ಮ ನಮ್ಮ ಮಣೆಯ ಮೇಲೆ ಕೂತಿದ್ದೆವು, ಹೋಳಿಗೆಯ ವಾಸನೆ ಮನೆ ತುಂಬಿತ್ತು. ಅವನು ಬಂದು ಅಡುಗೆಮನೆಯ ಬಾಗಿಲಿನ ಚೌಕಟ್ಟಿಗೆ ಕೈಯಿಟ್ಟು ನಿಂತ. ಅವನು ಅಲ್ಲಿಯವರೆಗೆ ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವನು ತನ್ನ ತಾಟನ್ನು ಗುರುತು ಹಿಡಿದ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಒಳಗೆ ಬಾ, ಒಂದೇ ಹೆಜ್ಜೆ, ಬಂದು ಕೂತುಬಿಡು ಎಂದು ನನ್ನ ಮನಸ್ಸು ಕೂಗುತ್ತಿತ್ತು. ನನ್ನ ಪಕ್ಕದಲ್ಲಿ ಕಾಕಾ ಕೂತು ಉಣ್ಣಬೇಕೆಂಬ ಆಸೆಗೆ ನಾನು ಆ ದಿನ ಎಂಥ ಸುಳ್ಳನ್ನೂ ಹೇಳಲು ತಯಾರಿದ್ದೆ.

"ಬಾ ಭೂಪಾಲ. ನಂದ ತಪ್ಪಾತು" ಎಂದಳು ಅಜ್ಜಿ. "ನಾಳೆ ಇಬ್ಬರೂ ಕೂಡೇ ಹೋಗಿ ನೀರಿಗೆ ಬಿಟ್ಟು ಕೈ ಮುಗದು ಬರೂಣು."

"ಅವ್ವಾ, ಅದು ನಮ್ಮ ದೇವರಲ್ಲ."

ಅಪ್ಪ ಜೋರಾಗಿ ಕೆಮ್ಮಿದ. ಕಾಕಾ ಅವನ ಕಡೆ ನೋಡಲಿಲ್ಲ.

"ಏನಂದಿ?"

"ಯಾರ ದೇವರೂ ಅಲ್ಲ. ಒಂದು ದೊಡ್ಡ ಮನಿ ತ್ವಾಟದಾಗ ಕಾರಂಜಿ ಇತ್ತು. ಅದರ ಮ್ಯಾಲಿನ ಹುಡುಗ ಅದು. ಕೈಯಾಗ ಮೀನ ಹಿಡದಿದ್ದ. ಮೀನ ಅಲ್ಲೇ ಬಾಜೂಕ ಬಿದ್ದಿತ್ತು."

ಅಜ್ಜಿಯ ಕೈಯಲ್ಲಿನ ತುಪ್ಪದ ಮಿಳ್ಳಿ ಹಾಗೇ ನಿಂತಿತು. ಮೀನು ಎಂಬ ಮಾತನ್ನು ಆ ಕೋಣೆಯಲ್ಲಿ ಅದಕ್ಕೆ ಮುಂಚೆ ಯಾರಾದರೂ ಆಡಿದ್ದರೋ ಇಲ್ಲವೋ. ಕಾಕಾ ಚೌಕಟ್ಟಿನಿಂದ ಕೈ ತೆಗೆದು, ತಿರುಗಿ, ಅಂಗಳ ದಾಟಿ ಪಡಸಾಲೆಗೆ ಹೋಗಿ ತನ್ನ ಕಂಬದ ಬಳಿ ಕೂತ. ಯಾಕೆ ಹೇಳಿದೆ ಎಂದು ನಾನು ದೊಡ್ಡವಳಾದ ಮೇಲೆ ಒಮ್ಮೆ ಅವನನ್ನು ಕೇಳಿದ್ದೇನೆ. ಸುಳ್ಳಿನಿಂದ ತನಗೇನೂ ತ್ರಾಸ ಇರಲಿಲ್ಲ, ಆದರೆ ಆ ವಯಸ್ಸಿನಲ್ಲಿ ತನ್ನ ಅವ್ವನನ್ನು ಹೊಳೆಗೆ ಇಳಿಸಿ ಕಾರಂಜಿಯ ಹುಡುಗನಿಗೆ ಕೈ ಮುಗಿಸುವುದೇ ಎಂದ. ಆದರೆ ಅಂದು ನಮಗ್ಯಾರಿಗೂ ಅದು ತಿಳಿದಿರಲಿಲ್ಲ. ಅಪ್ಪನಿಗೆ ಅಣ್ಣನ ಮೇಲೆ ಸಿಟ್ಟು ಬಂದಿತ್ತು, ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಪಡಸಾಲೆಗೆ ಒಯ್ಯಲು ದಿನದ ತಾಟು ತೆಗೆದುಕೊಂಡಳು. ಅಜ್ಜಿ ಅವಳನ್ನು ಕೈಸನ್ನೆಯಿಂದ ತಡೆದು, ಎದ್ದು ಅಂಗಳಕ್ಕೆ ಹೋಗಿ, ಅಲ್ಲಿಂದಲೇ ಕೇಳಿದಳು:

"ಆ ತ್ವಾಟದ ಮನಿ ಮಂದಿ ಎಲ್ಲಿದ್ರು?"

"ಇರಲಿಲ್ಲ."

"ಯಾರನ್ನರ ಕೇಳಬೇಕಿತ್ತಲ್ಲೋ."

ಕಾಕಾ, ನಮಗೆ ಕಥೆ ಹೇಳುವಾಗ ಎಂದೂ ಇಲ್ಲದ ದನಿಯಲ್ಲಿ, ನೆಲ ನೋಡುತ್ತ ಹೇಳಿದ:

"ಕೇಳಾಕಂತನs ಒಳಗ ಹೋದೆ ಅವ್ವಾ. ಬಾಗಲಾ ತಗದಿತ್ತು. ಊರಾಗ ಒಂದು ನಾಯಿ ಸೈತ ಇರಲಿಲ್ಲ. ಅಡಗಿ ಮನ್ಯಾಗ ತಾಟು ಹಾಕಿದ್ರು, ಎಲ್ಲಾರ್ದೂ, ಒಂದು ಸಣ್ಣ ಹುಡುಗರದೂ ಇತ್ತು. ರೊಟ್ಟಿ ಬೂಜು ಹಿಡದಿತ್ತು. ಉಣ್ಣಾಕ ಕುಂತವ್ರು ಹಂಗs ಎದ್ದಿದ್ರು. ನಾ ಬಾಗಲಾಗ ನಿಂತು ಕರದೆ. ನಮ್ಮ ಮಾತಿನಾಗನs ಕರದೆ, ನನಗ ಮತ್ತ ಯಾವುದು ಬರ್ತಿತ್ತು? ಯಾರರ ಅದೀರೇನ್ರೀ, ಅಂದೆ. ಯಾರೂ ಓ ಅನಲಿಲ್ಲ."

ಅಜ್ಜಿ ಅಂಗಳದ ನಡುವೆ ನಿಂತೇ ಇದ್ದಳು. ಗೋಠಾದಲ್ಲಿ ಎಮ್ಮೆ ಸರಪಳಿ ಎಳೆದ ಸದ್ದು ಕೇಳುತ್ತಿತ್ತು. ಅವಳು ಒಳಗೆ ಬಂದಳು. ಸಾಲಿನ ಮೊದಲಲ್ಲಿದ್ದ ಹಿತ್ತಾಳೆಯ ತಾಟನ್ನು ಎತ್ತಿಕೊಂಡು ಹೋಳಿಗೆ ಹಾಕಿದಳು, ತುಪ್ಪ ಹಾಕಿದಳು, ಕಟ್ಟಿನ ಸಾರಿನ ಬಟ್ಟಲು ಇಟ್ಟಳು, ತಾನೇ ಒಯ್ದು ಕಾಕಾನ ಮುಂದೆ ಇಟ್ಟು ಬಂದಳು. ಆಮೇಲೆ ತನ್ನ ತಾಟಿಗೂ ಬಡಿಸಿಕೊಂಡು, ಅದನ್ನು ಎರಡೂ ಕೈಯಲ್ಲಿ ಹಿಡಿದು, ಮಡಿಸೀರೆಯಲ್ಲೇ ಅಂಗಳ ದಾಟಿ ಪಡಸಾಲೆಗೆ ಹೋಗಿ ಅರಿಸಿನದ ಚೀಲಗಳ ನಡುವೆ ಮಗನ ಎದುರು ಕೂತಳು. ಅಪ್ಪ ಅವ್ವನ ಮುಖ ನೋಡಿದ. ಮೊದಲು ಹೊರಟವಳು ಅವ್ವ, ಆಮೇಲೆ ನಾವು. ನಮ್ಮ ನಮ್ಮ ತಾಟು ಎತ್ತಿಕೊಂಡು ಎಲ್ಲರೂ ಹೊರಗೆ ಹೋದೆವು, ಒಬ್ಬರ ಮೊಣಕಾಲು ಒಬ್ಬರಿಗೆ ತಾಗುವಂತೆ ಕೂತೆವು. ನನ್ನ ಪಕ್ಕದಲ್ಲಿ ಕಾಕಾ ಇದ್ದ. ಅವನು ಹೋಳಿಗೆ ಮುರಿದು ತುತ್ತು ಹಿಡಿದುಕೊಂಡೇ ಕೂತಿದ್ದ, ಬಾಯಿಗೆ ಇಡಲಾಗಲಿಲ್ಲ, ಕಣ್ಣೀರು ತಾಟಿಗೆ ಬೀಳುತ್ತಿತ್ತು. ಅಜ್ಜಿ ತಾನು ಮುರಿದು ತಿನ್ನತೊಡಗಿದ್ದ ಹೋಳಿಗೆಯ ಉಳಿದರ್ಧವನ್ನು ಎತ್ತಿ ಅವನ ತಾಟಿಗೆ ಹಾಕಿದಳು.

"ಹೊತ್ತು ಮುಳುಗಾಕ ಬಂತು" ಎಂದಳು. "ನನ್ನ ಮಾರಿ ಏನ ನೋಡ್ತಿ, ಉಣ್ಣು."